ಪಣಂಬೂರು ಪ್ರವಾಸ: ಬಸ್ಸಿನಲ್ಲಿ ಹೋದ ಕಸ ಬಸ್ಸಿನಲ್ಲೇ ವಾಪಸ್

ಒಂಬತ್ತನೇ ತರಗತಿ ಮಕ್ಕಳ ಪೋಷಕರಿಗೆ,

ನಮಸ್ಕಾರ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿದ ಮೇಲಿನ ಶುಕ್ರವಾರ ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಮಂಗಳೂರಿನ ಪಣಂಬೂರು ಕಡಲತೀರಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. ಬೆಳಿಗ್ಗೆ 6ಕ್ಕೆ ಶಾಲೆಯ ಗೇಟಿನಿಂದ ಬಸ್ಸು ಹೊರಡುತ್ತದೆ, ರಾತ್ರಿ 8ರೊಳಗೆ ವಾಪಸ್. ಶನಿವಾರ, ಭಾನುವಾರ ಬೇಡವೆಂದು ನಾವೇ ತೀರ್ಮಾನಿಸಿದ್ದು. ಆ ಎರಡು ದಿನ ಅಲ್ಲಿನ ಜನಜಂಗುಳಿಯಲ್ಲಿ 48 ಮಕ್ಕಳ ತಲೆ ಎಣಿಸುವುದರಲ್ಲೇ ಹೊತ್ತು ಹೋಗುತ್ತದೆ. ಶುಲ್ಕ, ಸಮವಸ್ತ್ರದ ವಿವರ ಡೈರಿಯಲ್ಲಿದೆ. ಈ ಪತ್ರ ಕಸದ ಬಗ್ಗೆ ಮಾತ್ರ.

ಪ್ರವಾಸದಲ್ಲಿ ಕಸದ ಕೆಲಸವೂ ಇದೆ ಎಂದು ತಿಳಿದಾಗ ಕೆಲವು ಪೋಷಕರು ಕೇಳಿದ್ದಾರೆ: ದುಡ್ಡು ಕೊಟ್ಟು ಕಳಿಸುವುದು ಸಮುದ್ರ ನೋಡಲಿಕ್ಕೆ, ಯಾರೋ ಎಸೆದದ್ದನ್ನು ನಮ್ಮ ಮಕ್ಕಳು ಯಾಕೆ ಹೆಕ್ಕಬೇಕು? ಅದಕ್ಕೆ ಸಂಬಳದ ಜನ ಇಲ್ಲವೇ? ನ್ಯಾಯವಾದ ಪ್ರಶ್ನೆ. ಮೊದಲು ಒಂದು ವಿಷಯ ನೆನಪಿಸಿಕೊಳ್ಳೋಣ. ಇಲ್ಲಿಯ ಮಾಂದಲಪಟ್ಟಿ, ಅಬ್ಬಿ ಜಲಪಾತದ ದಾರಿಯಲ್ಲಿ ಸೋಮವಾರ ಬೆಳಿಗ್ಗೆ ಬಿದ್ದಿರುವ ಬಾಟಲಿ, ಚಿಪ್ಸ್ ಪ್ಯಾಕೆಟ್ ನೋಡಿ ನಾವೆಲ್ಲ ಟೂರಿಸ್ಟರನ್ನು ಬೈಯುತ್ತೇವೆ. ಸಂಪಾಜೆ ಘಾಟಿ ಇಳಿದು ಪಣಂಬೂರಿನಲ್ಲಿ ಕೊಡಗಿನ ಕೆಎ 12 ನಂಬರಿನ ಬಸ್ಸು ನಿಂತಾಗ, ಅದರಿಂದ ಇಳಿಯುವ ನಾವೇ ಅಲ್ಲಿಯ ಟೂರಿಸ್ಟರು.

ಇನ್ನೊಂದು ಸಂಗತಿ. ಕೊಡಗಿಗೆ ಕಡಲಿಲ್ಲ, ಆದರೆ ಕೊಡಗಿನ ನೀರು ಎರಡೂ ಕಡಲಿಗೆ ಹೋಗುತ್ತದೆ. ಕಾವೇರಿ ಸುಮಾರು 800 ಕಿಲೋಮೀಟರ್ ಹರಿದು ತಮಿಳುನಾಡಿನ ಪೂಂಪುಹಾರ್ ಬಳಿ ಬಂಗಾಳಕೊಲ್ಲಿ ಸೇರುತ್ತಾಳೆ. ಬ್ರಹ್ಮಗಿರಿ ಕಡೆಯ ಬರಪೊಳೆ ಕೇರಳಕ್ಕಿಳಿದು ವಳಪಟ್ಟಣಂ ಹೊಳೆಯಾಗಿ ಕಣ್ಣೂರಿನ ಹತ್ತಿರ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ಪುಷ್ಪಗಿರಿ ಬೆಟ್ಟಸಾಲಿನ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ ಮಂಗಳೂರಿಗೇ ಬರುತ್ತದೆ. ನಮ್ಮ ಬಸ್ಸು ಸಂಪಾಜೆ, ಸುಳ್ಯದವರೆಗೆ ಪಯಸ್ವಿನಿಯ ಮಗ್ಗುಲಲ್ಲೇ ಸಾಗುತ್ತದೆ. ಕಿಟಕಿಯಿಂದ ಎಸೆದದ್ದು ಮುಂದಿನ ಮಳೆಗಾಲದಲ್ಲಿ ಆ ಹೊಳೆಗಿಳಿದರೆ, ನಿಲ್ಲುವುದು ಕಾಸರಗೋಡಿನ ಮರಳಿನಲ್ಲಿ.

ಆ ಕಿಟಕಿಯಿಂದಲೇ ಶುರು ಮಾಡೋಣ. ಪ್ರವಾಸದ ಬಸ್ಸಿನಿಂದ ಹೊರಗೆ ಬೀಳುವ ಮೊದಲ ಕಸ ತಿಂಡಿಯದ್ದಲ್ಲ, ವಾಂತಿಯ ಕವರ್. ಘಾಟಿಯ ತಿರುವುಗಳಲ್ಲಿ ನಾಲ್ಕಾರು ಮಕ್ಕಳಿಗಾದರೂ ಹೊಟ್ಟೆ ತೊಳಸುತ್ತದೆ, ಅಮ್ಮ ಕೊಟ್ಟ ಪ್ಲಾಸ್ಟಿಕ್ ಕವರ್ ತುಂಬುತ್ತದೆ, ವಾಸನೆಗೆ ಹೆದರಿ ಪಕ್ಕದವನು ಅದನ್ನು ಕಿಟಕಿಯಾಚೆ ಬಿಸಾಡುತ್ತಾನೆ. ಬೈದರೆ ಪ್ರಯೋಜನವಿಲ್ಲ, ಇಟ್ಟುಕೊಳ್ಳಲು ಜಾಗ ಕೊಡಬೇಕು. ಹಾಗಾಗಿ ಮುಂದೊಂದು, ಹಿಂದೊಂದು ಮುಚ್ಚಳವಿರುವ 10 ಲೀಟರಿನ ಬಕೆಟ್ ಇಡುತ್ತೇವೆ. ತಳದಲ್ಲಿ ನಾಲ್ಕು ಬೆರಳು ಎತ್ತರಕ್ಕೆ ಒಣ ಕಾಫಿ ಹೊಟ್ಟು. ಮಗು ನೇರ ಬಕೆಟ್ಟಿಗೇ ವಾಂತಿ ಮಾಡಲಿ, ಮೇಲೆ ಎರಡು ಹಿಡಿ ಹೊಟ್ಟು ಸುರಿದು ಮುಚ್ಚಳ ಹಾಕಿದರೆ ನೀರೂ ಹೀರುತ್ತದೆ, ವಾಸನೆಯೂ ಇಂಗುತ್ತದೆ. ವಾಪಸ್ ಬಂದ ಮೇಲೆ ಅದು ಶಾಲೆಯ ಗೊಬ್ಬರದ ಗುಂಡಿಗೆ. ಮನೆಯಲ್ಲಿ ಹೊಟ್ಟು ಇರುವವರು ಅರ್ಧ ಚೀಲ ಕಳಿಸಿದರೆ ಉಪಕಾರ. ಬೆಳಿಗ್ಗೆ ಎಣ್ಣೆ ತಿಂಡಿ, ಹಾಲು ಕೊಡಬೇಡಿ. ಒಂದೆರಡು ಇಡ್ಲಿಯೋ ಕಡುಬೋ ಸಾಕು. ಮಾತ್ರೆ ಬೇಕೆನಿಸಿದರೆ ವೈದ್ಯರನ್ನು ಕೇಳಿ ನೀವೇ ಕೊಡಿ, ನಾವು ಕೊಡುವುದಿಲ್ಲ.

ನೀರಿನ ಲೆಕ್ಕ ಹೀಗಿದೆ. ಶಿಕ್ಷಕರು ಸೇರಿ 52 ಜನ, ಕಡಲತೀರದ ಬಿಸಿಲಿಗೆ ತಲಾ 3 ಲೀಟರ್ ಎಂದರೂ 156 ಲೀಟರ್. ಅಂಗಡಿಯ ಒಂದು ಲೀಟರಿನ ಬಾಟಲಿಯಲ್ಲಿ ಕೊಂಡರೆ 156 ಬಾಟಲಿ, 156 ಮುಚ್ಚಳ. ತೂಕ ಮೂರ್ನಾಲ್ಕು ಕಿಲೋ ಅಷ್ಟೇ, ಆದರೆ ಜಜ್ಜದೆ ತುಂಬಿದರೆ ಎರಡು ಮೂರು ಗೋಣಿ. ಬದಲಿಗೆ 20 ಲೀಟರಿನ ಎಂಟು ಕ್ಯಾನ್ ಬಸ್ಸಿನಲ್ಲಿರುತ್ತವೆ. ಮಗುವಿಗೆ ಒಂದು ಲೀಟರಿನ ಸ್ಟೀಲ್ ಬಾಟಲಿ ಕೊಡಿ, ಹೆಸರು ಬರೆದು. ಊಟ ಸ್ಟೀಲ್ ಡಬ್ಬಿಯಲ್ಲಿ. ಬಾಳೆಲೆಯಲ್ಲಿ ಕಟ್ಟಿಕೊಟ್ಟರೆ ಚೆನ್ನ, ಆದರೆ “ಮಣ್ಣಲ್ಲಿ ಕರಗುತ್ತಲ್ಲ” ಎಂದು ಎಲೆ, ಅನ್ನ, ಕೋಳಿಯ ಮೂಳೆ ತೀರದಲ್ಲಿ ಬಿಡುವ ಹಾಗಿಲ್ಲ. ಅನ್ನ ಬಿದ್ದಲ್ಲಿ ನಾಯಿ ಬರುತ್ತದೆ. ಚಳಿಗಾಲದಲ್ಲಿ ದಕ್ಷಿಣ ಕನ್ನಡ, ಉಡುಪಿಯ ಮರಳಿಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಊಟದ ಕಸಕ್ಕೆ ಬಂದು ರೂಢಿಯಾದ ನಾಯಿಗಳೇ ಆ ಗೂಡುಗಳನ್ನೂ ಬಗೆಯುವುದು. ಚಿಪ್ಸ್, ಬಿಸ್ಕತ್ತು ಕೊಡಲೇಬೇಕೆಂದಿದ್ದರೆ ಪ್ಯಾಕೆಟ್ ಮನೆಯಲ್ಲೇ ಒಡೆದು ಡಬ್ಬಿಗೆ ಹಾಕಿ. ಬೆಳ್ಳಿಬಣ್ಣದ ಒಳಪದರವಿರುವ ಆ ಪ್ಯಾಕೆಟ್ಟನ್ನು ಗುಜರಿಯವರೂ ಮುಟ್ಟುವುದಿಲ್ಲ, ಪದರಗಳನ್ನು ಬಿಡಿಸಿ ಕರಗಿಸಲು ಬರುವುದಿಲ್ಲವೆಂದು.

ಹೆಣ್ಣುಮಕ್ಕಳ ಪ್ಯಾಡಿಗೆ ಶಿಕ್ಷಕಿಯರ ಹತ್ತಿರ ಹಳೆ ಪೇಪರೂ ಮುಚ್ಚಳದ ಬೇರೆ ಡಬ್ಬಿಯೂ ಇರುತ್ತವೆ. ಕೇಳಲು ಸಂಕೋಚ ಬೇಡವೆಂದು ಮನೆಯಲ್ಲೇ ಹೇಳಿ.

ಈಗ, ಗುಡಿಸಬೇಕಾದವರು ಯಾರು? ಎಸೆದವರದ್ದು ಮೊದಲ ಹೊಣೆ. ಅದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ. 2016ರ ಘನತ್ಯಾಜ್ಯ ನಿಯಮಗಳು ಬಂದಾಗಿನಿಂದಲೂ ಕಸ ಹುಟ್ಟಿಸಿದವರು ಅದನ್ನು ವಿಂಗಡಿಸಿ ಕೊಡಬೇಕು, ರಸ್ತೆಗೆ, ಚರಂಡಿಗೆ, ನೀರಿಗೆ ಎಸೆಯಬಾರದು. ಎತ್ತಿಕೊಂಡು ಹೋಗಿ ವಿಲೇವಾರಿ ಮಾಡುವುದು ಸ್ಥಳೀಯ ಸಂಸ್ಥೆಯ ಕೆಲಸ. ಪ್ಯಾಕೆಟ್ ತಯಾರಿಸಿ ಮಾರುವ ಕಂಪನಿಗಳಿಗೂ ಅದನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ಪ್ಲಾಸ್ಟಿಕ್ ನಿಯಮಗಳು ಹೊರಿಸಿವೆ. ನಿತ್ಯ ಗುಡಿಸುವ ಏರ್ಪಾಡಿದ್ದರೆ ತೀರ ಹೇಗಿರಬಹುದೆಂದು ತಿಳಿಯಲು ಉಡುಪಿ ಜಿಲ್ಲೆಯ ಪಡುಬಿದ್ರಿ ನೋಡಬೇಕು, ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ 2020ರಲ್ಲಿ ಆ ತೀರಕ್ಕೆ ಸಿಕ್ಕಿತು. ಇಷ್ಟಾದ ಮೇಲೂ ಅಲೆ ತಂದು ಹಾಕುವ ಕಸಕ್ಕೆ ವಾರಸುದಾರರಿಲ್ಲ. ಕೈರಂಪಣಿ ಬಲೆ ಎಳೆಯುವ ಮೀನುಗಾರರು ಮೀನಿನ ಜೊತೆ ಅದನ್ನೂ ಎಳೆದು ತರುತ್ತಾರೆ, ಎಸೆದವರು ಅವರಲ್ಲದಿದ್ದರೂ.

ಆದ್ದರಿಂದ ಶಾಲೆಯ ತೀರ್ಮಾನ ಇದು. ನಮ್ಮ ಕಸ ಪೂರ್ತಿ ನಮ್ಮ ಜೊತೆ ವಾಪಸ್: ಹಸಿಯದ್ದು ಶಾಲೆಯ ಗುಂಡಿಗೆ, ಒಣ ಕಸ ತೊಳೆದು ನಮ್ಮ ಪಂಚಾಯಿತಿಯ ಕಸ ವಿಂಗಡಿಸುವ ಘಟಕವಾದ ಸ್ವಚ್ಛ ಸಂಕೀರ್ಣಕ್ಕೆ. ಇತರರ ಕಸಕ್ಕೆ ಕೊಡುವುದು 40 ನಿಮಿಷ, ಅದೂ ಎಣಿಸಲಿಕ್ಕೆ. ಮಕ್ಕಳು ಆರಾರು ಜನರ ಎಂಟು ಗುಂಪಾಗುತ್ತಾರೆ. ಪ್ರತಿ ಗುಂಪಿಗೆ 10 ಮೀಟರ್ ಹಗ್ಗ, ಒಂದು ಗೋಣಿ, ಎರಡು ಇಕ್ಕಳ, ಒಂದು ರಟ್ಟಿನ ಮೇಲೆ ಪಟ್ಟಿ. ನೀರಂಚಿನಿಂದ ಮೇಲಿನ ಗಿಡಗಳವರೆಗೆ 10 ಮೀಟರ್ ಅಗಲದ ಪಟ್ಟೆಯಲ್ಲಿ ಸಿಕ್ಕಿದ್ದನ್ನು ಎರಡು ಕಾಲಂನಲ್ಲಿ ಬರೆಯಬೇಕು. ಅಲೆ ಬಂದು ನಿಂತ ಗೆರೆಯಲ್ಲಿ ಸಿಗುವ ಬಾಟಲಿಯ ಲೇಬಲ್ ಹೋಗಿರುತ್ತದೆ, ಬಣ್ಣ ಬಿಳಿಚಿಕೊಂಡಿರುತ್ತದೆ, ಕೆಲವೊಮ್ಮೆ ಮೈಮೇಲೆ ಪುಟ್ಟ ಚಿಪ್ಪುಗಳು ಗಟ್ಟಿಯಾಗಿ ಅಂಟಿರುತ್ತವೆ. ಅದು ಕಡಲು ತಂದದ್ದು. ಮೇಲಿನ ಒಣ ಮರಳಿನಲ್ಲಿ ಲೇಬಲ್ ಹೊಳೆಯುತ್ತಿರುವ ಬಾಟಲಿ ನಿನ್ನೆ ಮೊನ್ನೆ ಬಂದವರದ್ದು. ಮೊದಲನೆಯದಕ್ಕೆ ಹೊಳೆಗಳ ಮೇಲ್ಭಾಗದ ಊರುಗಳು ಉತ್ತರ ಹೇಳಬೇಕು, ಎರಡನೆಯದಕ್ಕೆ ಕಸದ ಡಬ್ಬಿ ಮತ್ತು ದಂಡ. ಈ ಎರಡನ್ನು ಒಂದೇ ಗೋಣಿಗೆ ತುಂಬಿ ಫೋಟೋ ಹೊಡೆಸಿಕೊಂಡರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅಂದ ಹಾಗೆ ಬ್ಯಾನರ್ ಇರುವುದಿಲ್ಲ. ರಾಜ್ಯದಲ್ಲಿ 2016ರಿಂದ ನಿಷೇಧವಿರುವ ಫ್ಲೆಕ್ಸನ್ನೇ ಹಿಡಿದು ಸ್ವಚ್ಛತೆಗೆ ಹೋಗುವುದು ನಗೆಪಾಟಲು.

ಹೆಕ್ಕಿದ ಗೋಣಿಗಳನ್ನು ಡಬ್ಬಿಯ ಪಕ್ಕ ಇಟ್ಟು ಬರುವುದು ಇಂಥ ಕಾರ್ಯಕ್ರಮಗಳ ದೊಡ್ಡ ತಪ್ಪು. ಸಂಜೆಯೊಳಗೆ ನಾಯಿ ಹರಿಯುತ್ತದೆ, ರಾತ್ರಿಯ ಗಾಳಿ ಮತ್ತೆ ಹರಡುತ್ತದೆ. ಆದ್ದರಿಂದ ತೀರ ನೋಡಿಕೊಳ್ಳುವವರ ಜೊತೆ ಮೊದಲೇ ಮಾತಾಡಿ, ಕೈಗೇ ಒಪ್ಪಿಸಿ ಬರುತ್ತೇವೆ. ಗೋಣಿಯನ್ನೇ ಆರಿಸಿದ್ದು ಅದರಲ್ಲಿ ನೀರು ಸೋರಿ ಹೋಗುತ್ತದೆಂದು. ಪ್ರತಿ ವಸ್ತುವನ್ನು ಎರಡು ಸಲ ಕೊಡವಿ ಹಾಕಬೇಕು. ಒದ್ದೆ ಮರಳು ಸೇರಿದರೆ ಕಾಲು ಚೀಲವನ್ನೂ ಮಕ್ಕಳಿಗೆ ಎತ್ತಲಾಗದು. ಥರ್ಮಾಕೋಲ್ ಮುರಿಯಬಾರದು, ಉದುರಿದ ಕಾಳು ಹೆಕ್ಕಲು ಬರುವುದಿಲ್ಲ. ಹೂತ ಬಲೆಯನ್ನು ಎಳೆಯುವುದಿಲ್ಲ, ಮೇಲೆ ಕಾಣುವಷ್ಟನ್ನು ಶಿಕ್ಷಕರು ಕತ್ತರಿಸುತ್ತಾರೆ. ಗಾಜು, ಸಿರಿಂಜ್, ಔಷಧಿ ಡಬ್ಬಿ, ಸತ್ತ ಪ್ರಾಣಿ ಕಂಡರೆ ಮಕ್ಕಳು ಕೋಲು ನೆಟ್ಟು ಕೂಗಬೇಕು, ಮುಟ್ಟಬಾರದು. ಕಪ್ಪೆಚಿಪ್ಪು, ಕಡಲ ಪಾಚಿ ಕಸವಲ್ಲ, ಇದ್ದಲ್ಲೇ ಇರಲಿ. ಕೈಗವಸು ರಬ್ಬರ್ ಹಚ್ಚಿದ ಬಟ್ಟೆಯದ್ದು ಬೇಕು, ತೋಟದ ಕೆಲಸಕ್ಕೆ ಇಟ್ಟುಕೊಂಡದ್ದನ್ನು ಒಗೆದು ಕಳಿಸಿದರೂ ಆದೀತು, ಕೀಟನಾಶಕ ಮುಟ್ಟಿದ್ದನ್ನು ಬಿಟ್ಟು. ತೆಳು ಪ್ಲಾಸ್ಟಿಕ್ಕಿನದ್ದು ಹರಿದು ತಾನೇ ಕಸವಾಗುತ್ತದೆ. ಕಾಲಿಗೆ ಶೂ ಇರಲಿ. ಚಪ್ಪಲಿ, ಬರಿಗಾಲು ಬೇಡ.

ಆಟಕ್ಕೆ ಎರಡು ಗಂಟೆ ಬೇರೆಯೇ ಇದೆ. ಜೀವರಕ್ಷಕರು ತೋರಿಸಿದ ಕಡೆ ಮಾತ್ರ, ಪಾದ ಮುಳುಗುವಷ್ಟೇ ನೀರು.

ಮಗುವನ್ನು ಎಣಿಕೆಗೆ ಕಳಿಸಲು ಮನಸ್ಸಿಲ್ಲದಿದ್ದರೆ ಕೆಳಗಿನ ಚೀಟಿಯಲ್ಲಿ ‘ಬೇಡ’ ಎಂದು ಗುರುತು ಹಾಕಿ. ಕಾರಣ ಕೇಳುವುದಿಲ್ಲ, ಅಂಕಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಮಗು ಶಿಕ್ಷಕರ ಜೊತೆ ನೀರಿನ ಕ್ಯಾನ್ ಹತ್ತಿರ ಇರುತ್ತದೆ. ತನ್ನ ಊಟದ ಡಬ್ಬಿ, ತನ್ನ ಕಸ ವಾಪಸ್ ತರುವುದಕ್ಕೆ ಮಾತ್ರ ಯಾರಿಗೂ ವಿನಾಯಿತಿ ಇಲ್ಲ, ನಮಗೂ ಸೇರಿ. ಎಣಿಕೆಯ ಪಟ್ಟಿಯ ಒಂದು ಪ್ರತಿಯನ್ನು ತೀರ ನೋಡಿಕೊಳ್ಳುವವರಿಗೆ ಕೊಟ್ಟು, ಇನ್ನೊಂದನ್ನು ನಮ್ಮ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಓದುತ್ತಾರೆ. ಸಂಪಾಜೆ ದಾರಿಯುದ್ದಕ್ಕೂ ಕಸದ ಡಬ್ಬಿ ಎಲ್ಲೆಲ್ಲಿ ಕಂಡಿತು ಎಂಬುದನ್ನೂ ಹೋಗುವಾಗಲೇ ಬರೆದುಕೊಳ್ಳಲು ಹೇಳಿದ್ದೇವೆ.

ಚೀಟಿ ಬರುವ ಸೋಮವಾರದೊಳಗೆ ತರಗತಿ ಶಿಕ್ಷಕರ ಕೈ ಸೇರಲಿ. ಘಾಟಿಯಲ್ಲಿ ವಾಂತಿಯಾಗುವ ಮಕ್ಕಳ ಹೆಸರಿನ ಮುಂದೆ ‘ಘಾಟಿ’ ಎಂದು ಬರೆಯಿರಿ, ಮುಂದಿನ ಸೀಟು ಅವರಿಗೆ.

ಇಂತಿ,
ಮುಖ್ಯ ಶಿಕ್ಷಕರು