ಪೋಷಕರಿಗೆ ಪತ್ರ: ಮಡಿಕೇರಿ ಪ್ರವಾಸ ಮತ್ತು ‘ನಾಪತ್ತೆ’ ಎಂಬ ಶಬ್ದ

ಪ್ರೀತಿಯ ಪೋಷಕರೇ, ನಮಸ್ಕಾರ.

ಬರುವ ಶನಿವಾರ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಮಡಿಕೇರಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ರಾಜಾಸೀಟ್ ಉಂಟು, ಆದರೆ ಅದು ಕೊನೆಗೆ. ಮೊದಲು ಹೋಗುವುದು ಪೇಟೆಯ ದೇವಯ್ಯ ವೃತ್ತಕ್ಕೆ. “ಒಂದು ಸರ್ಕಲ್ ನೋಡಲು ಘಾಟಿ ಹತ್ತಬೇಕಾ ಸಾರ್?” ಎಂದು ಪಿಟಿಎ ಮೀಟಿಂಗಿನಲ್ಲಿ ಒಬ್ಬರು ಕೇಳಿದ್ದರು. ಆವತ್ತು ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಅದಕ್ಕೇ ಈ ಪತ್ರ.

ವಿಷಯ ಶುರುವಾದದ್ದು ಒಂದು ಪ್ರಶ್ನೆಯಿಂದ. 1965ರ ಯುದ್ಧದ ಪಾಠ ಮಾಡುತ್ತಾ ನಮ್ಮ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ನಾಪತ್ತೆಯಾದರು ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: “ಓಡಿಹೋದದ್ದಾ ಸಾರ್?” ಕ್ಲಾಸಿಗೆ ಕ್ಲಾಸೇ ನಕ್ಕಿತು. ಹುಡುಗನದು ತಪ್ಪಲ್ಲ. ಪೇಪರಿನಲ್ಲಿ ‘ನಾಪತ್ತೆ’ ಎಂದರೆ ಮನೆ ಬಿಟ್ಟು ಹೋದವರು, ಅಲ್ವಾ? ಆದರೆ ಆ ನಗು ನನ್ನ ಜೊತೆ ಮನೆವರೆಗೂ ಬಂತು.

ದೇವಯ್ಯ ನಮ್ಮ ಪಕ್ಕದ ಕೊಡಗಿನವರು. ಆಗ ವಯಸ್ಸು 32, ಮನೆಯಲ್ಲಿ ಹೆಂಡತಿ, ಸಣ್ಣ ಮಕ್ಕಳು. 1965ರ ಸೆಪ್ಟೆಂಬರ್ 7ರ ನಸುಕಿಗೆ ಪಂಜಾಬಿನ ಆದಂಪುರದಿಂದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಮೀಸಲು ಪೈಲಟ್. ಹೊರಟವರಲ್ಲಿ ಯಾರಾದರೂ ಹಿಂದೆ ಉಳಿದರೆ ಮಾತ್ರ ಇವರು ಹೋಗಬೇಕು. ಹೋದರು. ವಾಪಸ್ ಬರಲಿಲ್ಲ. ಬಿದ್ದದ್ದನ್ನು ನಮ್ಮವರು ಯಾರೂ ಕಂಡಿರಲಿಲ್ಲ. ದಾಖಲೆಯಲ್ಲಿ ‘ಕಾಣೆ’ ಎಂದಾಯಿತು.

ಆ ಆಕಾಶದಲ್ಲಿ ಏನಾಯಿತು ಎಂಬುದು ಹೊರಬಿದ್ದದ್ದು ಪಾಕಿಸ್ತಾನದ ಕಡೆಯ ಮಾಹಿತಿಯಿಂದ, ಅದೂ 1979ರಲ್ಲಿ, ಒಬ್ಬ ಬ್ರಿಟಿಷ್ ಬರಹಗಾರನ ಪುಸ್ತಕದಲ್ಲಿ. ದೇವಯ್ಯರ ಬೆನ್ನು ಹತ್ತಿದ್ದು ಪಾಕಿಸ್ತಾನದ ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ನಮ್ಮ ಮಿಸ್ಟೇರ್ ಅದರ ಮುಂದೆ ಹಳೇ ಬಸ್ಸಿದ್ದ ಹಾಗೆ. ಪೆಟ್ಟು ತಿಂದ ಮೇಲೂ ದೇವಯ್ಯ ತಿರುಗಿ ಅದನ್ನು ಹೊಡೆದು ಕೆಡವಿದ್ದರು. ಆ ವಿಮಾನದ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಶೂಟಿನಲ್ಲಿ ಇಳಿದು ಬದುಕಿದರು. ದೇವಯ್ಯ ಉಳಿಯಲಿಲ್ಲ. ದಾಳಿಯ ಮುಂದಾಳು ತನೇಜಾ ಅವರು ಇದರ ಬೆನ್ನು ಬಿಡಲಿಲ್ಲ. 1988ರಲ್ಲಿ ದೇವಯ್ಯರಿಗೆ ಮಹಾವೀರ ಚಕ್ರ ಬಂತು, ಅವರ ಪತ್ನಿಯ ಕೈಗೆ. ಲೆಕ್ಕ ಹಾಕಿ, 23 ವರ್ಷ! ಅಪ್ಪ ಹೋದಾಗ ಸಣ್ಣವರಿದ್ದ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿಬಿಟ್ಟಿದ್ದರು.

ಅಷ್ಟೂ ಸಿಗದವರು ಇನ್ನೂ ಇದ್ದಾರೆ. 1971ರ ಯುದ್ಧದಲ್ಲಿ ಕಾಣೆಯಾದ 54 ಮಂದಿಯ ಪಟ್ಟಿಯಲ್ಲಿ ಹಲವರು ಪೈಲಟ್‌ಗಳು. ಮನೆಯವರು 1983ರಲ್ಲೂ 2007ರಲ್ಲೂ ಪಾಕಿಸ್ತಾನದ ಜೈಲುಗಳಿಗೆ ಹೋಗಿ ಹುಡುಕಿ, ಬರಿಗೈಯಲ್ಲಿ ಬಂದರು.

ಸತ್ತ ಸುದ್ದಿ ಬಂದರೆ ಹದಿಮೂರನೇ ದಿನಕ್ಕೆ ಏನು ಮಾಡಬೇಕು ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕಾಣೆ ಎಂದರೆ? ತಟ್ಟೆ ಇಡಬೇಕಾ, ಬೇಡವಾ? ಗಲ್ಫಿನಿಂದ ಎರಡು ದಿನ ಫೋನ್ ಬಾರದಿದ್ದರೆ ನಮ್ಮ ಮಕ್ಕಳಿಗೇ ಊಟ ಸೇರುವುದಿಲ್ಲ. ಟಿಫಿನ್ ಮುಚ್ಚಿದ ಹಾಗೇ ವಾಪಸ್ ಹೋಗುವುದನ್ನು ನಾನೇ ನೋಡಿದ್ದೇನೆ. ನಕ್ಕ ಮಕ್ಕಳಿಗೆ ಬೈಯಲು ಮನಸ್ಸಾಗಲಿಲ್ಲ. ಕರೆದುಕೊಂಡು ಹೋಗಿ ತೋರಿಸೋಣ ಅನ್ನಿಸಿತು. (ಇದೇ ಕತೆಯ ಮೇಲೆ ಬಂದ ‘ಸ್ಕೈ ಫೋರ್ಸ್’ ಎಂಬ ಹಿಂದಿ ಸಿನಿಮಾ ಕೆಲವರು ನೋಡಿದ್ದಾರೆ. ಒಳ್ಳೆಯದೇ. ಆದರೆ ಅದರಲ್ಲಿ ಹೆಸರುಗಳೇ ಬೇರೆ.)

ಒಂದು ಕೋರಿಕೆ. ಮನೆಯಲ್ಲಿ ಸೈನ್ಯದಲ್ಲಿದ್ದ ಅಜ್ಜನ ಕಾಗದ, ಟೆಲಿಗ್ರಾಂ, ಫೋಟೋ ಇದ್ದರೆ ಮಕ್ಕಳಿಗೆ ತೋರಿಸಿ, ಕತೆ ಹೇಳಿ. ಶಾಲೆಗೆ ಮೂಲಪ್ರತಿ ಮಾತ್ರ ಕಳಿಸಬೇಡಿ, ಜೆರಾಕ್ಸ್ ಸಾಕು. ಕಳೆದ ವರ್ಷ ಪ್ರದರ್ಶನಕ್ಕೆ ಬಂದ ಒಂದು ಹಳೇ ಇನ್‌ಲ್ಯಾಂಡ್ ಲೆಟರನ್ನು ಕಿಟಕಿ ಪಕ್ಕ ಇಟ್ಟು ಮರೆತದ್ದು ನಾನೇ. ರಾತ್ರಿ ಮಳೆಗೆ ಶಾಯಿಯೆಲ್ಲ ಹರಡಿತ್ತು. ಆ ಮನೆಯ ಅಜ್ಜಿ ಏನೂ ಅನ್ನಲಿಲ್ಲ, ಸುಮ್ನೆ ಮಡಚಿ ಸೆರಗಿಗೆ ಕಟ್ಟಿಕೊಂಡರು.

ಬಸ್ಸು ಬೆಳಿಗ್ಗೆ ಸರಿಯಾಗಿ ಆರಕ್ಕೆ ಮುಳ್ಳೇರಿಯದಿಂದ ಹೊರಡುತ್ತದೆ. ಜಾಲ್ಸೂರು, ಸುಳ್ಯ, ಸಂಪಾಜೆ ದಾರಿ. ಘಾಟಿಯಲ್ಲಿ ವಾಂತಿ ಮಾಡುವ ಮಕ್ಕಳಿಗೆ ನಿಂಬೆಹಣ್ಣು ಕೊಡಿ. ನಮ್ಮ ಕಡೆ ಸ್ವೆಟರ್ ಇರುವ ಮನೆ ಕಮ್ಮಿ, ದಪ್ಪ ಶಾಲಾದರೂ ಸಾಕು. ಸಹಿ ಹಾಕಿದ ಒಪ್ಪಿಗೆ ಚೀಟಿ ಗುರುವಾರದೊಳಗೆ ಕ್ಲಾಸ್ ಟೀಚರ್ ಕೈ ಸೇರಲಿ. ವಾಪಸ್ ಬರುವಾಗ ರಾತ್ರಿ ಎಂಟಾಗಬಹುದು. ತಡವಾದರೆ ಸುಳ್ಯದಿಂದಲೇ ಪ್ರತಿ ಮನೆಗೂ ಫೋನ್ ಮಾಡುತ್ತೇವೆ.

ನಿಮ್ಮ,
ಮುಖ್ಯೋಪಾಧ್ಯಾಯ