ಜಿಪಿಎಸ್ ಹೋದಾಗ ಡ್ರೋನ್ ಇಳಸಾಕ ಬರಬೇಕು

ಸಂಪಾದಕರಿಗೆ ನಮಸ್ಕಾರ,

ಹುಬ್ಬಳ್ಳಿ-ಧಾರವಾಡದಾಗ ಈಗ ಡ್ರೋನ್ ಇಲ್ದ ದೊಡ್ಡ ಲಗ್ನಾನ ಇಲ್ಲ, ಜಾತ್ರಿ ತೇರಿನ ಮ್ಯಾಲೂ ಡ್ರೋನು, ಬ್ಯಾಡಗಿ ಕಡೆ ಹೊಲಕ್ಕ ಎಣ್ಣಿ ಹೊಡಿಯಾಕೂ ಬರಾಕತ್ಯಾವ. ಆದ್ರ ಮ್ಯಾಲ ಇದ್ದಾಗ ಜಿಪಿಎಸ್ ಹೋತು ಇಲ್ಲಾ ದಿಕ್ಕು ತೋರಸೋ ಕಂಪಾಸ್ ಕೆಟ್ಟತು ಅಂದ್ರ ಏನ್ ಮಾಡ್ತಿ ಅಂತ ನಮ್ಮ ಹುಡುಗರಿಗೆ ಕೇಳ್ರಿ, ಡ್ರೋನ್ ತಾನ ವಾಪಸ್ ಬರೋ 'ರಿಟರ್ನ್ ಟು ಹೋಮ್' ಬಟನ್ ಒತ್ತತೇನಿ ಅಂತಾರ. ನಾನೂ ಲಗ್ನದ ವಿಡಿಯೋ ಮಾಡಾಂವ, ಇದನ್ನ ಕೇಳಿದ್ರ ಅಂಜಿಕಿ ಬರತೈತಿ.

ಯಾಕಂದ್ರ ಡ್ರೋನಿಗೆ ವಾಪಸ್ ಬರೋ ದಾರಿ ತಿಳಿಯೋದ ಜಿಪಿಎಸ್ ಮತ್ತ ಕಂಪಾಸ್‌ಲೆ. ಕಂಪಾಸ್ ತಪ್ಪಿದಾಗ ಆ ಬಟನ್ ಒತ್ತಿದ್ರ ಅದು ತನಗ ಸರಿ ಅನಿಸಿದ ದಿಕ್ಕಿಗೆ ಜೋರಾಗಿ ಹೊಂಟಬಿಡತೈತಿ. ಮೊನ್ನೆ ಒಂದ್ ಲಗ್ನದಾಗ ಹಿಂಗ ಆತು, ಡಿಜೆ ಬಾಕ್ಸಿನ ಬಾಜೂಕ ಇಟ್ಟು ಏರಿಸಿದ್ರು, ಸ್ಪೀಕರಿನೊಳಗ ದೊಡ್ಡ ಮ್ಯಾಗ್ನೆಟ್ ಇರತೈತಿ, ಕಂಪಾಸ್ ಅಲ್ಲೇ ಕೆಟ್ಟತು, ಮ್ಯಾಲ ಹೋಗಿ ಗಾಣದ ಎತ್ತಿನಂಗ ಸುತ್ತು ಹೊಡಿಯಾಕತ್ತು, ಸುತ್ತು ದೊಡ್ಡದಾಕ್ಕೋಂತ ಹೋತು, ಹುಡುಗ ಗಾಬರಿಯಾಗಿ ಹೋಮ್ ಒತ್ತಿದ, ಸೀದಾ ಹೋಗಿ ತೆಂಗಿನಗಿಡಕ್ಕ ಬಡೀತು. ಕೆಳಗ ಊಟದ ಪಂಕ್ತಿ ಕುಂತಿತ್ತು. ಕಾರಿನ ಬಾನೆಟ್ ಮ್ಯಾಲ, ಕಬ್ಬಿಣದ ರಾಡ್ ಇರೋ ಸ್ಲ್ಯಾಬಿನ ಮ್ಯಾಲ ಇಟ್ಟು ಏರಿಸಿದ್ರೂ ಇದ ಹಣೇಬಾರ.

ಅಂಥಾ ಹೊತ್ತಿನ್ಯಾಗ ಡ್ರೋನ್ ಇನ್ನೂ ನಮ್ಮ ಕೈಯಾಗ ಐತಿ ಅನ್ನೋದನ್ನ ಮರೀಬಾರದು. ಒಳಗಿನ ಜೈರೋ ಸೆನ್ಸರ್ ಅದನ್ನ ಮಗಚದಂಗ ಹಿಡದಿರತೈತಿ, ಬ್ಯಾರೋಮೀಟರ್ ಎತ್ತರ ಕಾಯತೈತಿ, ಹೋಗಿರೋದು ತಾನ ಒಂದ ಕಡೆ ನಿಲ್ಲೋ ಶಕ್ತಿ ಅಷ್ಟ. ರಿಮೋಟಿನ ಸ್ಟಿಕ್ ಬಿಟ್ರ ಬ್ರೇಕ್ ಬೀಳಂಗಿಲ್ಲ, ಗಾಳಿ ಜೋಡಿ ತೇಲಕೋಂತ ಹೋಗತೈತಿ, ಅದಕ್ಕ ಗಾಳಿಗೆ ಎದುರಾಗಿ ಸ್ಟಿಕ್ ಸಣ್ಣಗ ಒತ್ತಿ ಹಿಡೀಬೇಕು. ಡ್ರೋನಿನ ಬೆನ್ನು ನಮ್ಮ ಕಡೆ ಮಾಡ್ಕೋಬೇಕು, ಅದರ ಮುಖ ನಮ್ಮ ಕಡೆ ಇದ್ರ ಎಡ-ಬಲ ಉಲ್ಟಾ ಆಗತೈತಿ, ಗಾಬರಿಯಾಗ ತಪ್ಪ ಒತ್ತೋದ ಅಲ್ಲಿ. ಮ್ಯಾಲ ಗಾಳಿ ಹೆಚ್ಚು, ಹಿಂಗಾಗಿ ಮೆಲ್ಲಕ ಕೆಳಗ ತಂದು ಹತ್ತಿರದ ಖಾಲಿ ಜಾಗದಾಗ ಇಳಸಬೇಕು, ಏರಿಸಿದ ಜಾಗಕ್ಕ ತರಬೇಕನ್ನೋ ಹಠ ಬ್ಯಾಡ. ಕೆಳಗಿನ ಕ್ಯಾಮೆರಾ ನೆಲ ನೋಡಿ ಸ್ವಲ್ಪ ಹಿಡೀತೈತಿ ಖರೆ, ಆದ್ರ ಉಣಕಲ್ ಕೆರಿಯಂಥಾ ನೀರಿನ ಮ್ಯಾಲ ಅದನ್ನ ನಂಬಾಕಾಗಂಗಿಲ್ಲ.

ಇದನ್ನ ಕಲಿಸೋರ ಇಲ್ಲ, ನನ್ನ ಸಂಕಟ ಇದ. 2021ರ ಡ್ರೋನ್ ನಿಯಮದಾಗ 250 ಗ್ರಾಂ ಒಳಗಿನ ನ್ಯಾನೋ ಡ್ರೋನಿಗೆ ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ, ಅದಕ್ಕ ಹೊಸಬರು ಅದನ್ನ ತಗೋತಾರ. ಅಂಥಾ ಭಾಳ ಮಾಡೆಲ್‌ನ್ಯಾಗ ಜಿಪಿಎಸ್ ಬಂದ್ ಮಾಡಿ ಹಾರಿಸೋ ಸ್ವಿಚ್ಚೂ ಇರಂಗಿಲ್ಲ, ಅಂದ್ರ ಜಿಪಿಎಸ್ ಇಲ್ದ ಹಾರಿಸೋ ಮೊದಲನೇ ಅನುಭವ ಜಿಪಿಎಸ್ ಕೈಕೊಟ್ಟ ದಿನಾನ, ಮಂದಿ ತಲಿ ಮ್ಯಾಲ! ಜಿಪಿಎಸ್ ಇಲ್ದ ಆಟಿಗಿ ಡ್ರೋನ್ ತಂದು ಬಯಲಾಗ ಕೈ ಕೂಡೋಮಟ ಹಾರಿಸಿದ್ರ ಇದು ಬರತೈತಿ, ದೊಡ್ಡ ಖರ್ಚೂ ಇಲ್ಲ.

ಡ್ರೋನ್ ಮಾರೋ ಅಂಗಡಿಯವರು, ಫೋಟೋಗ್ರಾಫರ್ ಸಂಘದವರು ಹೊಸಬರಿಗೆ ಇಷ್ಟರೆ ಕಲಿಸಲಿ. ಜಾತ್ರಿ ಕಮಿಟಿಯವರು, ಲಗ್ನದ ಮನಿಯವರು ಡ್ರೋನ್ ಹೇಳೋ ಮುಂದ ಜಿಪಿಎಸ್ ಹೋದ್ರ ಕೈಲೆ ಇಳಸಾಕ ಬರತೈತೇನಪಾ ಅಂತ ಕೇಳ್ರಿ, ಬಂದ್ರೂ ಮಂದಿ ತಲಿ ಮ್ಯಾಲ ಬ್ಯಾಡ, ಬಾಜೂಕ ಖಾಲಿ ಜಾಗದ ಮ್ಯಾಲ ಇಟ್ಟು ತಗಿ ಅಂತ ಹೇಳ್ರಿ.

— ಒಬ್ಬ ವಿಡಿಯೋಗ್ರಾಫರ್, ಹುಬ್ಬಳ್ಳಿ