ಪುಸ್ತಕವೂ ಸುಳ್ಳಲ್ಲ, ನಿಮ್ಮಪ್ಪನೂ ಸುಳ್ಳಲ್ಲ

ದಾವಣಗೆರೆ

ಪ್ರೀತಿಯ ಕಾವ್ಯಾಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ತಲೆಯಲ್ಲೇ ಇದೆ. ಬಿ.ಕಾಂ. ಸೇರಿ ಒಂದು ಸೆಮಿಸ್ಟರ್ ಮುಗಿದಿಲ್ಲ, ಆಗಲೇ "ಅರ್ಥಶಾಸ್ತ್ರ ಬರೀ ಪರೀಕ್ಷೆಗೆ ಓದೋದು ದೊಡ್ಡಮ್ಮ, ಅಪ್ಪನ ಹೊಲಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ" ಅಂದೆ. ನಿಮ್ಮಪ್ಪ ನಿನ್ನ ಪುಸ್ತಕ ತಿರುವಿ ನೋಡಿ, "ರೇಟ್ ನೋಡಿ ಈರುಳ್ಳಿ ಹಾಕಿದ್ದಕ್ಕೇ ಅಲ್ವಾ ನಾವು ಮುಳುಗಿದ್ದು?" ಅಂತ ಕೇಳಿದರಂತೆ. ಫೋನಿನಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಇಷ್ಟು ವರ್ಷ ಡಿಗ್ರಿ ಹುಡುಗರಿಗೆ ಇದೇ ಪಾಠ ಮಾಡಿದವಳು ನಾನು. ನಿನಗೆ ಮುಖ್ಯವಾಗಿ ಹೇಳಬೇಕಾದ್ದು ಒಂದೇ. ಪುಸ್ತಕ ಒಂದು ಹೇಳಿ ಮಾರ್ಕೆಟ್ ಇನ್ನೊಂದು ತೋರಿಸಿದಾಗ ಎರಡರಲ್ಲಿ ಯಾವುದನ್ನೂ ಬಿಸಾಡಬೇಡ. ಪುಸ್ತಕದ ಪ್ರತಿ ನಿಯಮದ ಹಿಂದೆ "ಹೀಗೆ ಹೀಗೆ ಇದ್ದರೆ" ಅನ್ನುವ ಷರತ್ತುಗಳಿರುತ್ತವೆ. ನೋಟ್ಸ್ ಮಾಡುವವರು ಮೊದಲು ಬಿಡುವುದೇ ಅವನ್ನು. ಆ ಷರತ್ತುಗಳಲ್ಲಿ ನಮ್ಮ ಕಡೆ ಯಾವುದು ಇಲ್ಲ ಅಂತ ಹುಡುಕು. ಅರ್ಥಶಾಸ್ತ್ರ ಅಲ್ಲಿಂದ ಶುರುವಾಗುತ್ತದೆ.

ನಿಮ್ಮಪ್ಪನ ಈರುಳ್ಳಿಯನ್ನೇ ತಗೋ. ಬೆಲೆ ಏರಿದರೆ ಪೂರೈಕೆ ಏರುತ್ತದೆ ಅಂತ ಮೇಲಕ್ಕೆ ಹೋಗುವ ಗೆರೆ ಎಳೆಯುತ್ತೀರಲ್ಲ, ಅದರಲ್ಲಿ ಕಾಲದ ಲೆಕ್ಕ ಇಲ್ಲ. ಬಟ್ಟೆ ಅಂಗಡಿಯವರು ರೇಟ್ ಏರಿದ ದಿನವೇ ಗೋಡೌನಿನಿಂದ ಮಾಲು ತೆಗೆಯಬಹುದು. ಈರುಳ್ಳಿ ಬಿತ್ತಿದರೆ ಕೀಳುವುದಕ್ಕೆ ಮೂರೂವರೆ, ನಾಲ್ಕು ತಿಂಗಳು ಬೇಕು. ಬಿತ್ತುವಾಗ ನಿಮ್ಮಪ್ಪ ನೋಡಿದ್ದು ಹಿಂದಿನ ಫಸಲಿನ ರೇಟು. ಚಳ್ಳಕೆರೆ, ಹಿರಿಯೂರಿನ ರೈತರೆಲ್ಲ ಅದೇ ರೇಟ್ ನೋಡಿದ್ದರು. ಅತ್ತ ನಾಸಿಕ್ ಕಡೆಯವರೂ ನೋಡಿದ್ದರು. ಎಲ್ಲರೂ ಹಾಕಿದರು, ಎಲ್ಲರ ಲಾರಿಯೂ ಒಟ್ಟಿಗೇ ಮಾರ್ಕೆಟ್‌ಗೆ ಬಂತು, ರೇಟ್ ಬಿತ್ತು. ಕೈ ಸುಟ್ಟುಕೊಂಡವರು ಮುಂದಿನ ಸಲ ಹಾಕುವುದಿಲ್ಲ. ಆಗ ಮಾಲು ಕಡಿಮೆಯಾಗಿ ರೇಟ್ ಮತ್ತೆ ಏರುತ್ತದೆ. ಇದಕ್ಕೆ ಕಾಬ್‌ವೆಬ್ ಸಿದ್ಧಾಂತ ಅನ್ನುತ್ತಾರೆ. ಬೇಡಿಕೆ, ಪೂರೈಕೆಯ ಗೆರೆಗಳಿರುವ ಚಿತ್ರದಲ್ಲಿ ವರ್ಷ ವರ್ಷದ ಬೆಲೆಯನ್ನೂ ಮಾಲಿನ ಪ್ರಮಾಣವನ್ನೂ ಗೆರೆ ಎಳೆದು ಸೇರಿಸಿದರೆ ಜೇಡರ ಬಲೆಯ ಹಾಗೆ ಕಾಣುತ್ತದೆ. ಮಾರ್ಡೆಕಾಯ್ ಎಝೆಕಿಯಲ್ ಅನ್ನುವ ಅಮೆರಿಕದ ಅರ್ಥಶಾಸ್ತ್ರಜ್ಞ 1938ರಲ್ಲೇ ಇದನ್ನು ವಿವರವಾಗಿ ಬರೆದಿದ್ದಾರೆ. ನಿಮ್ಮಪ್ಪ ಪಟ್ಟ ಪಾಡು ಪುಸ್ತಕದಲ್ಲಿದೆ, ನೀನಿನ್ನೂ ಆ ಅಧ್ಯಾಯಕ್ಕೆ ಬಂದಿಲ್ಲ ಅಷ್ಟೇ.

ಇಷ್ಟಕ್ಕೇ ನಿಲ್ಲಬೇಡ. ರೇಟ್ ಬಿದ್ದಾಗ ಇಟ್ಟುಕೊಂಡು ಆಮೇಲೆ ಮಾರಬಾರದಾ ಅಂತ ಕೇಳಿಕೋ. ಮಳೆಗಾಲದ ಈರುಳ್ಳಿಯಲ್ಲಿ ನೀರಿನಂಶ ಜಾಸ್ತಿ, ಬೇಗ ಕೊಳೆಯುತ್ತದೆ. ಸಿಕ್ಕ ಬೆಲೆಗೆ ಕೊಡಲೇಬೇಕು. ಇನ್ನೊಂದು ಕಡೆ ಸರ್ಕಾರದ ಕೈಯೂ ಇರುತ್ತದೆ. ಮಾಲು ದೇಶದೊಳಗೇ ಉಳಿದು ಬೆಲೆ ಇಳಿಯಲಿ ಅಂತ 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿತು, 2024ರ ಮೇ ತಿಂಗಳಲ್ಲಿ ಮತ್ತೆ ಬಿಟ್ಟಿತು. ಬಿತ್ತನೆಯ ದಿನ ಹೊಲದಲ್ಲಿ ನಿಂತ ರೈತನಿಗೆ ಇದು ಗೊತ್ತಾಗುವುದು ಹೇಗೆ? ನನಗೆ ಇದು ತುಂಬ ಸಂಕಟದ ವಿಷಯ. ಊರಿಗೆ ಕಮ್ಮಿ ಬೆಲೆಗೆ ಊಟ ಸಿಗಲಿ ಅಂತ ಮಾಡುವ ತೀರ್ಮಾನದ ಖರ್ಚನ್ನು ಬೆಳೆದವರೇ ಹೊರಬೇಕು ಅನ್ನುವುದು ನ್ಯಾಯವಲ್ಲ. ನೀನು ಒಪ್ಪದೇ ಇರಬಹುದು. ಒಪ್ಪದಿದ್ದರೆ ಯಾಕೆ ಅಂತ ಲೆಕ್ಕ ಸಮೇತ ಬರಿ, ಓದುತ್ತೇನೆ.

ಇಲ್ಲಿ ನಮ್ಮ ಎಪಿಎಂಸಿಗೆ ಮೆಕ್ಕೆಜೋಳ ಬರುವ ಕಾಲದಲ್ಲಿ ಒಮ್ಮೆ ಬಾ. ರಾಶಿಯ ಒಳಗಿನ ಕಾಳು ಎಷ್ಟು ಒಣಗಿದೆ ಅಂತ ಬೆಳೆದವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಅವನು ಎಲ್ಲದಕ್ಕೂ ಒಂದು ಸುಮಾರು ಬೆಲೆ ಕೂಗುತ್ತಾನೆ. ರಸ್ತೆ ಬದಿಯಲ್ಲಿ ಹರಡಿ, ರಾತ್ರಿ ಕಾವಲು ಕಾದು ಒಣಗಿಸಿದವನಿಗೆ ನಷ್ಟ, ಹಸಿ ಕಾಳು ತಂದವನಿಗೆ ಲಾಭ. ಹೀಗೇ ಆದರೆ ಮುಂದಿನ ವರ್ಷ ಯಾರು ಒಣಗಿಸುತ್ತಾರೆ? ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ಮಾರಾಟ ಇಟ್ಟುಕೊಂಡು ಬರೆದದ್ದು ಇದೇ ಮಾತು. ಅದಕ್ಕೆ 2001ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ತೇವಾಂಶ ಅಳೆಯುವ ಒಂದು ಸಣ್ಣ ಮೀಟರ್ ಎಷ್ಟು ದೊಡ್ಡ ಕೆಲಸ ಮಾಡುತ್ತದೆ ಅಂತ ಆ ಲೇಖನ ಓದಿದ ಮೇಲೆ ನಿನಗೇ ಹೊಳೆಯುತ್ತದೆ. ಬೆಂಬಲ ಬೆಲೆಯಲ್ಲಿ ಕೊಳ್ಳುವಾಗ ಮೆಕ್ಕೆಜೋಳದಲ್ಲಿ ತೇವಾಂಶ ಶೇ. 14 ದಾಟಬಾರದು ಅನ್ನುವ ನಿಯಮ ಇರುವುದೂ ಇದಕ್ಕೇ.

ಬೆಂಬಲ ಬೆಲೆ ಅಂದೆನಲ್ಲ, 2025-26ಕ್ಕೆ ಮೆಕ್ಕೆಜೋಳಕ್ಕೆ ಕ್ವಿಂಟಾಲಿಗೆ 2,400 ರೂಪಾಯಿ ಅಂತ ಘೋಷಿಸಿದ್ದರು. ಘೋಷಿಸಿದ ಮಾತ್ರಕ್ಕೆ ಮಾರ್ಕೆಟ್ ರೇಟ್ ಅಲ್ಲಿಗೆ ಏರುವುದಿಲ್ಲ, ಆ ಬೆಲೆಗೆ ಯಾರಾದರೂ ಕೊಳ್ಳಬೇಕು. ನಿಮ್ಮ ಈರುಳ್ಳಿಗಂತೂ ಬೆಂಬಲ ಬೆಲೆಯ ಪಟ್ಟಿಯಲ್ಲಿ ಜಾಗವೇ ಇಲ್ಲ.

ನೀನು ಕಾಮರ್ಸ್ ಓದುತ್ತಿರುವುದರಿಂದ ಈ ಬೆಲೆ ಕಟ್ಟುವ ಲೆಕ್ಕವನ್ನು ಚೆನ್ನಾಗಿ ಕಲಿಯಬೇಕು. ಬೀಜ, ಗೊಬ್ಬರ, ಕೂಲಿ ಅಂತ ಕೈಯಿಂದ ಕೊಟ್ಟ ಖರ್ಚು ಎ2. ಅದಕ್ಕೆ ಮನೆಯವರ ದುಡಿಮೆಯನ್ನೂ ಕೂಲಿ ಅಂತ ಸೇರಿಸಿದರೆ ಎ2 ಜೊತೆಗೆ ಎಫ್‌ಎಲ್, ಅಂದರೆ ಫ್ಯಾಮಿಲಿ ಲೇಬರ್. ಸ್ವಂತ ಜಮೀನಿನ ಬಾಡಿಗೆ, ಸ್ವಂತ ಹಣದ ಬಡ್ಡಿಯನ್ನೂ ಹಿಡಿದರೆ ಸಿ2. ಸರ್ಕಾರ ಒಂದೂವರೆ ಪಟ್ಟು ಕೊಡುತ್ತೇವೆ ಅನ್ನುವುದು ಎರಡನೆಯದಕ್ಕೆ, ರೈತ ಸಂಘಟನೆಗಳು ಕೇಳುವುದು ಸಿ2ಗೆ. ಇಡೀ ಜಗಳ ಇರುವುದು ಈ ಅಂತರದಲ್ಲಿ. ನಿಮ್ಮಮ್ಮ ಕಳೆ ಕಿತ್ತ ದಿನಗಳು ನಿಮ್ಮಪ್ಪನ ಡೈರಿಯಲ್ಲಿ ಎಲ್ಲಾದರೂ ಇವೆಯಾ ನೋಡು. ಇರುವುದಿಲ್ಲ. ಅವನ್ನೂ ಹಾಕಿ ಲೆಕ್ಕ ಮಾಡಿದರೆ "ಈ ವರ್ಷ ಸ್ವಲ್ಪ ಉಳೀತು" ಅನ್ನುವ ಮಾತು ಎಷ್ಟು ಸಲ ನಿಲ್ಲುತ್ತದೆ ಅಂತ ತಿಳಿಯುತ್ತದೆ.

ಒಂದೇ ಕಾರಣ ಹೇಳಿ ಕೈ ತೊಳೆದುಕೊಳ್ಳುವವರನ್ನು ನಂಬಬೇಡ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಹತ್ತಿ ಮಿಲ್‌ಗಳು ಯಾಕೆ ಮುಚ್ಚಿದವು ಅಂತ ಕೇಳಿದರೆ ಒಬ್ಬರು ಯೂನಿಯನ್ ಅನ್ನುತ್ತಾರೆ, ಇನ್ನೊಬ್ಬರು ಮಾಲೀಕರು ಅನ್ನುತ್ತಾರೆ. ಹಳೇ ಮೆಷಿನ್, ಪವರ್‌ಲೂಮ್ ಪೈಪೋಟಿ, ಪಾಲಿಯೆಸ್ಟರ್ ಬಟ್ಟೆ, ಇವನ್ನು ಯಾರೂ ನೆನೆಯುವುದಿಲ್ಲ.

ಇನ್ನು ಗಣಿತ. ಕಷ್ಟ ಅಂತ ಸಂಖ್ಯಾಶಾಸ್ತ್ರವನ್ನು ಬಾಯಿಪಾಠ ಮಾಡಬೇಡ. ಮುಂದೆ ಎಂ.ಎ. ಮಾಡಿದರೂ, ಬ್ಯಾಂಕ್ ಪರೀಕ್ಷೆ ಬರೆದರೂ, ವ್ಯಾಪಾರಕ್ಕೆ ಇಳಿದರೂ ಅದು ಬೇಕೇ ಬೇಕು. ಗೆಳತಿಯರೆಲ್ಲ ಸಿಎ ಫೌಂಡೇಶನ್ ಕಟ್ಟಿದ್ದಾರೆ ಅಂದೆ. ಲೆಕ್ಕಪತ್ರದಲ್ಲಿ ನಿಜವಾಗಿ ಮನಸ್ಸಿದ್ದರೆ ಕಟ್ಟು, ಸುಮ್ನೆ ಅವರ ಹಿಂದೆ ಹೋಗಬೇಡ. ಇಂಗ್ಲಿಷ್ ಪುಸ್ತಕಕ್ಕೂ ಹೆದರಬೇಡ. ಕನ್ನಡ ಮೀಡಿಯಂನಿಂದ ಬಂದ ಎಷ್ಟೋ ಮಕ್ಕಳು ನನ್ನ ಕಣ್ಣೆದುರೇ ದಾಟಿದ್ದಾರೆ. ದಿನಕ್ಕೆ ಒಂದೇ ಪುಟ ಓದು, ಓದಿದ್ದನ್ನು ಸಂಜೆ ಅಮ್ಮನಿಗೆ ಕನ್ನಡದಲ್ಲಿ ಹೇಳು. ಅವಳಿಗೆ ಅರ್ಥವಾಗದಿದ್ದರೆ ಮತ್ತೆ ಓದು. ಬಜೆಟ್ ಹೊತ್ತಿಗೆ ರಾಜ್ಯದ ಆರ್ಥಿಕ ಸಮೀಕ್ಷೆ ಬರುತ್ತದೆ, ನಿಮ್ಮ ಜಿಲ್ಲೆಯ ಅಂಕಿಗಳನ್ನಾದರೂ ಅದರಲ್ಲಿ ನೋಡು.

ರಜೆಗೆ ಬರುವಾಗ ನಿಮ್ಮಪ್ಪನ ಹಳೇ ಮಂಡಿ ಪಟ್ಟಿಗಳನ್ನೆಲ್ಲ ತಗೊಂಡು ಬಾ. ತೂಕ, ರೇಟು, ಲಾರಿ ಬಾಡಿಗೆ, ಹಮಾಲಿ, ಚೀಲದ ದುಡ್ಡು, ಎಲ್ಲ ಅದರಲ್ಲಿರುತ್ತದೆ. ಇಬ್ಬರೂ ಕೂತು ವರ್ಷವಾರು ಕಂಪ್ಯೂಟರಿಗೆ ಹಾಕೋಣ. ಅಲ್ಲಿಯವರೆಗೆ ಅವನ್ನು ಒಲೆಗೆ ಹಾಕದಂತೆ ನಿಮ್ಮಮ್ಮನಿಗೆ ಇವತ್ತೇ ಹೇಳಿಬಿಡು.

ನಿನ್ನ
ದೊಡ್ಡಮ್ಮ